ಹಲ್ಲು ಬೇಯೋವಾಗ ಆಡಿದ ಮಾತು

ಮೊದಲು ಒಂದು ಶಿಳ್ಳೆ ಹೊಡೀರಿ, ಆಮೇಲೆ ಓದಿ. ಯಾಕಂದ್ರೆ ಈಗ ನಿಮ್ಮ ಮುಂದೆ ಎಂಟ್ರಿ ಕೊಡ್ತಿರೋದು ಸಾಮಾನ್ಯ ಮನುಷ್ಯ ಅಲ್ಲ, ತ್ರಿಮೂರ್ತಿ. ಹೆಸರಲ್ಲೇ ಮೂರು ಜನ ಇದೀನಿ, ಥಿಯೇಟರಲ್ಲಿ ಟಿಕೆಟ್ ಮಾತ್ರ ಒಂದೇ ತಗೋತೀನಿ. ಹನ್ನೊಂದು ವರ್ಷ ಮುಖ ಮುಖ ನೋಡದ ಅಕ್ಕ ತಂಗೀನ ಒಂದೇ ಒಂದು ಡೈಲಾಗಲ್ಲಿ ಒಂದು ಮಾಡಿದ ಗಂಡು ನಾನು. ನೆಂಟರು ಹೇಳಿ ಸೋತ್ರು, ಬೀದಿಯವರು ಪಂಚಾಯ್ತಿ ಮಾಡಿ ಸೋತ್ರು, ಕೊನೆಗೆ ಬೇಕಾಗಿದ್ದು ಈ ನಾಲಿಗೆ. ಅದೂ ನನ್ನ ಬಾಯಿಂದ ಅಲ್ಲ ಸ್ವಾಮಿ, ಇನ್ನೊಬ್ಬರ ಬಾಯಲ್ಲಿ ನನ್ನ ಡೈಲಾಗು! ಹೆಂಗೆ ಅಂತೀರಾ? ಕೂತ್ಕೊಳ್ಳಿ. ಇಂಟರ್ವಲ್ ಇಲ್ಲ, ಕಡಲೆಕಾಯಿ ಈಗಲೇ ತಗೊಂಡುಬಿಡಿ.

ನಮ್ಮೂರಲ್ಲಿ ಬಟ್ಟೆ ಬೀದಿ ಮುಗಿಯೋ ಕಡೆ ಫಿಲೋಮಿನಮ್ಮನ ಹಲ್ಲಿನ ಅಂಗಡಿ ಇದೆ. ಹಲ್ಲು ಸವೆದು ಮೊಂಡಾಗಿದ್ರೆ ಮೇಲೊಂದು ಟೋಪಿ, ಮಧ್ಯ ಒಂದೆರಡು ಹೋಗಿದ್ರೆ ಅಕ್ಕಪಕ್ಕದ ಹಲ್ಲಿಗೆ ಸೇರಿಸಿ ಬ್ರಿಡ್ಜು, ಪೂರ್ತಿ ಹೋಗಿದ್ರೆ ಫುಲ್ ಸೆಟ್ಟು. ಆಯಮ್ಮ ಮೇಣದಲ್ಲಿ ಹಲ್ಲು ಜೋಡಿಸಿ, ಗುಲಾಬಿ ಬಣ್ಣದ ಹಿಟ್ಟು ತುಂಬಿ, ಹಿತ್ತಾಳೆ ಡಬ್ಬಿಯಲ್ಲಿಟ್ಟು ಬಿಗಿದು ಕುದಿಯೋ ನೀರಿಗೆ ಇಳಿಸಿದ್ರೆ ಒಂದೂವರೆ ಗಂಟೆ ಬೇಯಬೇಕು. ಊರಿಗೆಲ್ಲ ಆ ಒಂದೂವರೆ ಗಂಟೆಯದ್ದೇ ಚಿಂತೆ. ಯಾಕಂದ್ರೆ ಬೇಯೋವಾಗ ಹಲ್ಲು ಏನು ಕೇಳಿಸ್ಕೊಳ್ಳುತ್ತೋ, ಬಾಯಿಗೆ ಹೋದ ಮೊದಲ ಮೂರು ದಿನ ಅದನ್ನೇ ಆಡುತ್ತೆ. ನಾಲ್ಕನೇ ದಿನದಿಂದ ಒಗ್ಗಿಕೊಂಡು, ಹಾಕ್ಕೊಂಡೋರ ಮಾತು ಕೇಳೋಕೆ ಶುರು ಮಾಡುತ್ತೆ. ಯಾರೂ ಮಾತಾಡದೇ ಬೇಯಿಸಿದ್ರೆ ಮೂರು ದಿನ ಮೂಕ. ಹಾಕ್ಕೊಳ್ಳೋರೇ ಕೂತು ಹೇಳ್ಕೊಡೋಣ ಅಂದ್ರೆ ಅದೂ ಆಗಲ್ಲ. ಯಾರ ಬಾಯಿಗೆ ಹೋಗಬೇಕೋ ಅವರ ಮಾತನ್ನ ಹಲ್ಲು ಹತ್ತಿಸ್ಕೊಳ್ಳೋದೇ ಇಲ್ಲ.

ಅದಕ್ಕೇ ನಮ್ಮಲ್ಲಿ ಒಬ್ಬರಿಗೆ ಸೆಟ್ಟು ಮಾಡಿಸೋದು ಅಂದ್ರೆ ಮನೆಮಂದಿಯೆಲ್ಲ ಹೊರಡ್ತಾರೆ. ಡಬ್ಬಿ ಸುತ್ತ ಕೂತು ಮೊಮ್ಮಕ್ಕಳ ಹೆಸರು ಹೇಳ್ತಾರೆ, ಮನೆದೇವರ ಹೆಸರು ಹೇಳ್ತಾರೆ, 'ಊಟ ಆಯ್ತಾ, ಕಾಫಿ ಕುಡೀತೀರಾ, ಬಿಸಿಲು ಜಾಸ್ತಿ ಅಲ್ವಾ' ಅಂತ ಮೂರು ದಿನಕ್ಕೆ ಸಾಕಾಗೋಷ್ಟು ಮಾತು ಹಾಕ್ತಾರೆ. ಗಡಿಯಾರ ರಿಪೇರಿ ಹಂಪಣ್ಣನ ಸೆಟ್ಟು ಬೇಯೋವಾಗ ಹೆಂಡತಿ ಒಬ್ಬರೇ ಕೂತಿದ್ರು. ಮೂರು ದಿನ ಹಂಪಣ್ಣ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ 'ಒಂದು ದಿನಾನಾದ್ರೂ ಹೊತ್ತಿಗೆ ಸರಿಯಾಗಿ ಮನೆಗೆ ಬಂದಿದ್ದುಂಟಾ ನೀವು?' ಅಂತ ಬೈತಾ ಕೂತಿದ್ರು. ಹಲ್ಲು ಜೋರು ಮಾತನ್ನ ಬೇಗ ಹಿಡಿಯುತ್ತೆ, ಅದು ಇನ್ನೊಂದು ಕಷ್ಟ. ಹಿಂದೊಂದು ಸಲ ಪುರೋಹಿತರ ಸೆಟ್ಟು ಬೇಯೋವಾಗ ಕಿಟಕಿ ಪಕ್ಕ ತಳ್ಳುಗಾಡಿಯವನು ಕೂಗ್ಕೊಂಡು ಹೋದ. ಮಾರನೇ ದಿನ ಗೃಹಪ್ರವೇಶದಲ್ಲಿ ಪುರೋಹಿತರು ಕಣ್ಣು ಮುಚ್ಚಿ, ಕೈ ಮುಗಿದು, 'ಈರುಳ್ಳೀ... ಬೆಳ್ಳುಳ್ಳೀ...' ಅಂತ ಶುರು ಮಾಡಿದ್ರು. ಆವತ್ತಿಂದ ಅಂಗಡಿ ಮುಂದೆ ಬೋರ್ಡು: 'ಒಳಗೆ ಹಲ್ಲು ಬೇಯುತ್ತಿದೆ. ಹೊರಗೆ ಕೂಗಬೇಡಿ.'

ಮನೆಮಂದಿ ಇಲ್ಲದೋರಿಗೆ ಏನು ಗತಿ? ಅಲ್ಲೇ ನೋಡಿ ಹೀರೋ ಬೇಕಾಗೋದು. ಮಾತು ಹಾಕೋ ಕೆಲಸಕ್ಕೆ ಫಿಲೋಮಿನಮ್ಮ ನನ್ನ ಇಟ್ಕೊಂಡ್ರು. ಇಪ್ಪತ್ತಮೂರು ವರ್ಷದಲ್ಲಿ ನನ್ನ ಬಾಯಿ ಒಂದು ನಿಮಿಷ ಮುಚ್ಚಿದ್ದನ್ನ ಯಾರೂ ನೋಡಿಲ್ಲ, ಅದೇ ನನ್ನ ಡಿಗ್ರಿ. ಕೆಲಸಕ್ಕೆ ಸೇರಿದ ದಿನ ಆಯಮ್ಮ ಕನ್ನಡಕದ ಮೇಲಿಂದ ನೋಡಿ, 'ಲೋ ಮೂರ್ತಿ, ಡಬ್ಬಿ ನೀರಿಗೆ ಬಿದ್ದಾಗ ಬಾಯಿ ತೆಗೆ. ಮೇಲೆ ಬಂದಾಗ ಮುಚ್ಚು. ಮಧ್ಯ ಸಿನಿಮಾ ಬೇಡ' ಅಂದಿದ್ರು. ನಾನು, 'ಮೇಡಂ, ಈ ತ್ರಿಮೂರ್ತಿ ಒಂದು ಸಲ ಮಾತು ಕೊಟ್ರೆ ಅವನ ಮಾತನ್ನ ಅವನೇ ಮೀರೋಕಾಗಲ್ಲ' ಅಂದೆ. ಆಯಮ್ಮ 'ಇದೇ, ಇದೇ ಬೇಡ ಅಂದಿದ್ದು' ಅಂದ್ರು.

ಸಣ್ಣಪುಟ್ಟ ತರಲೆ ಮಾಡಿಲ್ಲ ಅಂತ ಸುಳ್ಳು ಹೇಳಲ್ಲ. ಬ್ರಿಡ್ಜಿಗೆ ಎರಡು ಪದಕ್ಕಿಂತ ಜಾಸ್ತಿ ಹಿಡಿಯಲ್ಲ. ಸ್ಕೂಲ್ ಇನ್ಸ್‌ಪೆಕ್ಟರ್ ಒಬ್ಬರ ಮುಂದಿನ ಮೂರು ಹಲ್ಲಿನ ಬ್ರಿಡ್ಜಿಗೆ ನಾನು ಹಾಕಿದ ಎರಡು ಪದ 'ಚಿಂದಿ ಗುರೂ'. ಮೂರು ದಿನ ಅವರು ಏಳು ಸ್ಕೂಲ್ ನೋಡಿದ್ರು. ಏಳಕ್ಕೂ ಅದೇ ರಿಪೋರ್ಟು. ಮೇಷ್ಟ್ರುಗಳು ಇವತ್ತಿಗೂ ನನ್ನ ನೋಡಿದ್ರೆ ಟೀ ಕೊಡಿಸ್ತಾರೆ.

ಈಗ ಕಥೆಗೆ ಬರೋಣ. ಊರಿನ ಆ ತುದಿಯಲ್ಲಿ ಹಿಟ್ಟಿನ ಗಿರಣಿ ಇಟ್ಕೊಂಡಿರೋ ಸರ್ವಮಂಗಳಮ್ಮ, ಎಲ್ಲರ ಬಾಯಲ್ಲಿ ಸರ್ವಕ್ಕ. ಗಂಡ ತೀರ್ಕೊಂಡು ಬಹಳ ವರ್ಷ, ಮಕ್ಕಳಿಲ್ಲ. ಗಿರಣಿ ಸದ್ದಿನ ಮೇಲೆ ಮಾತಾಡಿ ಮಾತಾಡಿ ಗಂಟಲು ಲೌಡ್ ಸ್ಪೀಕರ್ ಆಗಿತ್ತು. ತಮಾಷೆ ಅಂದ್ರೆ ಸರ್ವಕ್ಕ, ಸರ್ವಕ್ಕ ಅಂದ್ರೆ ತಮಾಷೆ. ನಾನು ಚಿಕ್ಕವನಿದ್ದಾಗ ರಾಗಿ ಬೀಸಿಸ್ಕೊಂಡು ಬರೋಕೆ ಜಗಳ ಆಡ್ಕೊಂಡು ಹೋಗ್ತಿದ್ದೆ, ಆಯಮ್ಮನ ಬಾಯಲ್ಲಿ ಬೈಸ್ಕೊಳ್ಳೋದೇ ಒಂದು ಮಜಾ. ಆಮೇಲೆ ಸಕ್ಕರೆ ಕಾಯಿಲೆ ಬಂತು. ಹಲ್ಲು ಒಂದೊಂದೇ ಅಲ್ಲಾಡಿ, ಎರಡು ತಿಂಗಳ ಹಿಂದೆ ಮೇಲಿನ ಸಾಲು ಪೂರ್ತಿ ಕೀಳಿಸಬೇಕಾಯ್ತು. ಅವತ್ತಿಂದ ಸೆರಗು ಬಾಯಿಗೆ ಬಂದಿದ್ದು ಇಳಿದಿರ್ಲಿಲ್ಲ.

ಒಂದು ಸೋಮವಾರ ಅಳತೆ ಕೊಡೋಕೆ ಬಂದ್ರು. ಫಿಲೋಮಿನಮ್ಮ ಹಲ್ಲಿನ ಬಣ್ಣದ ಪಟ್ಟಿ ಮುಂದಿಟ್ಟು, 'ಯಾವ ಬಿಳುಪು ಬೇಕು?' ಅಂದ್ರು. ಸರ್ವಕ್ಕ ಬೆರಳಿಟ್ಟು ತೋರಿಸಿ, 'ಅಕ್ಕಿ ಹಿಟ್ಟು ಬೇಡ, ಗೋಧಿ ಹಿಟ್ಟು ಸಾಕು' ಅಂದ್ರು. ನಾನು ನಕ್ಕೆ. ಆಗ ನನ್ನ ಕಡೆ ತಿರುಗಿ, 'ಹ್ರಿಮೂರ್ಹಿ, ಇಲ್ಲಿ ಬಾ' ಅಂದ್ರು. ಅಂದ್ರೆ ತ್ರಿಮೂರ್ತಿ. ಮೇಲೆ ಹಲ್ಲಿಲ್ಲದ ಬಾಯಲ್ಲಿ 'ತ' ನಿಲ್ಲಲ್ಲ, ಗಾಳಿಗೆ ಹಾರಿ ಹೋಗುತ್ತೆ. ಈ ಬೊಚ್ಚುಬಾಯಿ ಭಾಷೆ ನನಗೆ ನೀರು ಕುಡಿದಂಗೆ, ಆದ್ರೆ ನಿಮಗೆ ಕಷ್ಟ. ಅದಕ್ಕೇ ಇಲ್ಲಿಂದ ಮುಂದೆ ಅವರ ಮಾತಿಗೆ ನಾನೇ ಹಲ್ಲು ಕಟ್ಟಿ ಬರೀತೀನಿ.

'ಗುರುವಾರ ವನಜಕ್ಕ ಬರ್ತಾಳೆ' ಅಂದ್ರು ಸರ್ವಕ್ಕ.

ವನಜಕ್ಕ ಸರ್ವಕ್ಕನ ಒಡಹುಟ್ಟಿದ ಅಕ್ಕ, ಪಕ್ಕದೂರಲ್ಲಿ ಹೊಲಿಗೆ ಕ್ಲಾಸ್ ನಡೆಸ್ತಿದ್ದೋರು. ಹನ್ನೊಂದು ವರ್ಷದ ಹಿಂದೆ ಅವರ ಮಗಳ ಮದುವೆ. ಅದಕ್ಕೆ ಅಂತಲೇ ವನಜಕ್ಕ ಮುಂದಿನ ಮೂರು ಹಲ್ಲಿಗೆ ಹೊಸ ಬ್ರಿಡ್ಜು ಹಾಕಿಸಿದ್ರು. ಊಟದ ಹೊತ್ತಲ್ಲಿ, ಬೀಗರ ಪಕ್ಕ ಕೂತಿದ್ದಾಗ, ಬ್ರಿಡ್ಜು ಕಳಚಿ ಪಾಯಸಕ್ಕೆ ಬಿತ್ತು. ಮೆಲ್ಲಗೆ ಎತ್ತಿಕೊಂಡಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಆದ್ರೆ ಎದುರು ಸಾಲಲ್ಲಿದ್ದ ಸರ್ವಕ್ಕ ನೋಡಿಬಿಟ್ರು. ನೋಡಿದೋರು ಸುಮ್ಮನೆ ಇರ್ಲಿಲ್ಲ. ಓಲಗದವರ ಮೈಕ್ ಹಿಡ್ಕೊಂಡು, 'ದಯವಿಟ್ಟು ಗಮನಿಸಿ. ಪಾಯಸದಲ್ಲಿ ಮೂರು ಹಲ್ಲು ಸಿಕ್ಕಿವೆ. ವಾರಸುದಾರರು ಗುರುತು ಹೇಳಿ ತಗೊಂಡು ಹೋಗಿ' ಅಂದ್ರು. ಛತ್ರ ಪೂರ್ತಿ ಬಿದ್ದು ಬಿದ್ದು ನಕ್ಕಿತು. ಬೀಗರೂ ನಕ್ರು. ವನಜಕ್ಕ ಎಲೆ ಬಿಟ್ಟು ಎದ್ದವರು ತಂಗಿ ಕಡೆ ಮತ್ತೆ ತಿರುಗಿ ನೋಡ್ಲಿಲ್ಲ.

ನಮ್ಮೂರಿನ ಲೆಕ್ಕದಲ್ಲಿ ಇದು ಸಣ್ಣ ವಿಷಯ ಅಲ್ಲ. ಕಟ್ಟಿದ ಹಲ್ಲು ಇನ್ನೊಬ್ಬರ ಕಣ್ಣಿಗೆ ಬೀಳೋದು ಅಂದ್ರೆ ಬಟ್ಟೆ ಜಾರಿದಂಗೆ. ನಲವತ್ತು ವರ್ಷ ಒಂದೇ ಮನೇಲಿ ಬಾಳಿದ ಗಂಡ ಹೆಂಡತಿ ಒಬ್ಬರ ಒಸಡು ಇನ್ನೊಬ್ಬರು ನೋಡಿರಲ್ಲ. ಫಿಲೋಮಿನಮ್ಮನ ಅಂಗಡಿಯಲ್ಲೇ ಹಲ್ಲು ತೆಗೆದೋರು ಕೂರೋಕೆ ಬೇರೆ ಪರದೆ, ಬೇರೆ ಬೆಂಚು.

'ಈಗ ಅವಳಿಗೂ ಫುಲ್ ಸೆಟ್ಟು. ಅದು ಸಡಿಲ ಆಗಿದೆಯಂತೆ, ಒಳಗೆ ಒಂದು ಪದರ ಹಾಕಿಸ್ಕೊಳ್ಳೋಕೆ ಬರ್ತಾಳೆ. ನಾಲ್ಕು ಗಂಟೆ ಬಸ್ಸಿಗೆ ವಾಪಸ್' ಅಂದ್ರು ಸರ್ವಕ್ಕ. 'ಭಾನುವಾರ ಮನೆ ಖಾಲಿ ಮಾಡಿ ಮಗಳ ಊರಿಗೆ ಹೋಗ್ತಾಳೆ. ಸಮುದ್ರದ ದಂಡೆ ಮೇಲಿರೋ ಊರು. ಇನ್ನು ಈ ಕಡೆ ಬರೋ ಮಾತಿಲ್ಲ. ಗುರುವಾರ ಬಿಟ್ರೆ ಇಲ್ಲ ಕಣೋ.'

'ಫೋನ್ ಮಾಡಬಹುದಿತ್ತಲ್ಲ ಸರ್ವಕ್ಕ?'

'ಮಾಡಿದೀನಿ. ನಾಲ್ಕು ಸಲ. ಅವಳು ಹಲೋ ಅಂದ ತಕ್ಷಣ ನನ್ನ ಬಾಯಿಗೆ ಏನೋ ಒಂದು ತಮಾಷೆ ಬಂದು ಕೂತ್ಕೊಳ್ಳುತ್ತೆ. ಹಾಳು ಬಾಯಿ ಇದು. ಸೀರಿಯಸ್ಸಾಗು ಅಂದ್ರೆ ನಗು ತರಿಸುತ್ತೆ. ಅದನ್ನ ಹೇಳಿದ್ರೆ ಇನ್ನೂ ಕೆಡುತ್ತೆ ಅಂತ ಫೋನ್ ಇಟ್ಟುಬಿಡ್ತೀನಿ.' ಆಮೇಲೆ ಸೊಂಟದ ಚೀಲದಿಂದ ಒಂದು ಚೀಟಿ ತೆಗೆದ್ರು. ಹಿಟ್ಟಿನ ಕೈ ತಾಗಿ ಬೆಳ್ಳಗಾಗಿತ್ತು. 'ನನ್ನ ಸೆಟ್ಟಿಗೆ ಇದನ್ನ ಹಾಕು. ಇದೊಂದೇ ಹಾಕು. ನನ್ನಿಂದ ಆಗದೇ ಇರೋದನ್ನ ಹಲ್ಲಾದ್ರೂ ಹೇಳ್ಲಿ.'

ಓದಿದೆ. 'ಅಕ್ಕಾ, ತಪ್ಪಾಯ್ತು. ಮೈಕಲ್ಲಿ ಹಾಗೆ ಹೇಳಬಾರದಿತ್ತು.' ಅಷ್ಟೇ.

'ಸರ್ವಕ್ಕ, ಬೇಜಾರು ಮಾಡ್ಕೋಬೇಡಿ, ಡೈಲಾಗ್ ವೀಕು. ಪಂಚ್ ಇಲ್ಲ.'

'ಪಂಚ್ ಇಟ್ಟಿದ್ದಕ್ಕೇ ಹನ್ನೊಂದು ವರ್ಷ ಆಯ್ತು ಕಣೋ' ಅಂದ್ರು. 'ಇಷ್ಟೇ ಹೇಳು.'

ಬುಧವಾರ ಮಧ್ಯಾಹ್ನ ಡಬ್ಬಿ ನೀರಿಗೆ ಇಳೀತು. ಗುರುವಾರ ಸರ್ವಕ್ಕ ಸೆಟ್ಟು ಹಾಕ್ಕೊಂಡ್ರು, ಪರದೆ ಸರಿಸಿ ಅಕ್ಕನ ಮುಂದೆ ನಿಂತ್ರು, ಬಾಯಿ ತೆಗೆದ್ರು. ನನ್ನ ಸೆಟ್ಟು ಹೇಳ್ತು ನೋಡಿ: 'ರಕ್ತ ಸಂಬಂಧ ಹಲ್ಲಲ್ಲ ಅಕ್ಕಾ, ಉದುರಿದ್ರೆ ಇನ್ನೊಂದು ಕಟ್ಟಿಸ್ಕೊಳ್ಳೋಕೆ! ತಪ್ಪಾಯ್ತು!' ವನಜಕ್ಕ ಗಳಗಳ ಅತ್ರು. ಸರ್ವಕ್ಕ ಗಳಗಳ ಅತ್ರು. ಹಿಂದಿಂದ ಪಿಟೀಲು ಬಂತು. ಅಂಗಡಿ ಮುಂದೆ ಸೇರಿದ್ದ ಜನ ಚಪ್ಪಾಳೆ ಹೊಡೆದು, ಈ ಡೈಲಾಗ್ ಬರೆದೋನು ಯಾರು ಅಂದ್ರು. ನಾನು ಮೂಲೆಯಲ್ಲಿ ಕೈ ಕಟ್ಕೊಂಡು, ಕ್ಯಾಮೆರಾ ಕಡೆ ನೋಡದೇ, ಒಂದು ಸಣ್ಣ ನಗು ನಕ್ಕೆ. ಶುಭಂ.

ಹಿಂಗಂತ ಬಟ್ಟೆ ಬೀದಿಯಲ್ಲಿ ಎರಡು ದಿನ ಹೇಳ್ಕೊಂಡು ತಿರುಗಿದೆ. ಈಗ ನಿಮಗೂ ಹೇಳಿದೆ. ಪಿಟೀಲು ಅಂದಾಗಲೇ ನಿಮಗೆ ಅನುಮಾನ ಬಂದಿರಬೇಕು. ಬರದೇ ಇದ್ರೆ ನೀವು ನನಗಿಂತ ಜಾಸ್ತಿ ಸಿನಿಮಾ ನೋಡಿದೀರ ಅಂತ ಅರ್ಥ. ಇರ್ಲಿ, ರೀಲು ಹಿಂದಕ್ಕೆ ಸುತ್ತೋಣ.

ಬುಧವಾರ ಡಬ್ಬಿ ನೀರಿಗೆ ಇಳಿಸಿ ಫಿಲೋಮಿನಮ್ಮ ಚರ್ಚಿನಲ್ಲಿ ಏನೋ ಮೀಟಿಂಗ್ ಅಂತ ಹೋದ್ರು. ನಾನು ಸ್ಟೂಲ್ ಎಳ್ಕೊಂಡು ಕೂತೆ. ಚೀಟಿ ನೋಡ್ಕೊಂಡು, ನಿಯತ್ತಾಗಿ, ಹನ್ನೊಂದು ಸಲ ಹೇಳಿದೆ. 'ಅಕ್ಕಾ, ತಪ್ಪಾಯ್ತು. ಮೈಕಲ್ಲಿ ಹಾಗೆ ಹೇಳಬಾರದಿತ್ತು.' ಗಡಿಯಾರ ನೋಡಿದ್ರೆ ಎರಡು ನಿಮಿಷ ಆಗಿತ್ತು. ಇನ್ನು ಎಂಬತ್ತೆಂಟು ನಿಮಿಷ! ಅದೇ ಸಾಲು, ಅದೇ ಕುದಿಯೋ ನೀರು. ಸ್ವಲ್ಪ ಹೀರೋ ಸ್ಟೈಲಲ್ಲಿ ಹೇಳೋಣ ಅಂತ ಹೇಳಿದೆ, ಚೆನ್ನಾಗಿ ಬಂತು. ಹೀರೋ ಹೇಳಿದ ಮೇಲೆ ವಿಲನ್ ಸುಮ್ಮನಿರೋಕಾಗುತ್ತಾ? ಅವನೂ ಎದ್ದ. ಅವನು ಎದ್ದ ಮೇಲೆ ಅವನಿಗೊಬ್ಬ ಬಂಟ. ಕೊನೇ ಅರ್ಧ ಗಂಟೆ ನಾನು ಸ್ಟೂಲ್ ಮೇಲೆ ಹತ್ತಿ, ಟವಲ್ ಬೀಸಿ, ಫೈಟ್ ಸೀನ್ ಮಾಡ್ತಿದ್ದೆ. ಫಿಲೋಮಿನಮ್ಮನ ಚಪ್ಪಲಿ ಸದ್ದು ಕೇಳಿ ಕೆಳಗೆ ಹಾರಿ, ಮುಖ ಒರೆಸ್ಕೊಂಡು ಕೂತೆ.

'ಹೇಳಿದೆಯೇನೋ, ಚೀಟಿಯಲ್ಲಿದ್ದಿದ್ದು?'

'ಹೇಳಿದೆ ಮೇಡಂ.'

'ಎಲ್ಲಾ ಹೊತ್ತೂ?'

'ಹೇಳ್ತಾನೇ ಇದ್ದೆ ಮೇಡಂ. ಗಂಟಲು ನೋಡಿ, ಹೆಂಗೆ ಬಿದ್ದೋಗಿದೆ.' ಗಂಟಲು ನಿಜವಾಗ್ಲೂ ಬಿದ್ದೋಗಿತ್ತು. ಆಯಮ್ಮ ಪಾಪ ಅಂತ ಬಿಸಿನೀರು ಕೊಟ್ರು. ನಾನು ನನಗೇ ಸಮಾಧಾನ ಹೇಳ್ಕೊಂಡೆ: ಬೋರಾಗಿ ಬಾಯಿ ಜಾರಿತು, ಬೇಕಂತ ಮಾಡಿದ್ದಲ್ಲ, ಹನ್ನೊಂದು ಸಲ ಹೇಳಿದೀನಲ್ಲ, ಅದೂ ಮೊದಲು ಹೇಳಿದೀನಲ್ಲ.

ಗುರುವಾರ ಎರಡು ಗಂಟೆಗೆ ವನಜಕ್ಕ ಬಂದ್ರು. ತೆಳ್ಳಗೆ, ಎತ್ತರಕ್ಕೆ, ಇಸ್ತ್ರಿ ಸೀರೆ. ಸೆಟ್ಟು ತೆಗೆದು ಬಟ್ಟಲಲ್ಲಿಟ್ಟು, ಪರದೆ ಹಿಂದೆ ಹೋಗಿ, ಸೆರಗು ಬಾಯಿಗೆ ಹಿಡ್ಕೊಂಡು ಕೂತ್ರು. ಫಿಲೋಮಿನಮ್ಮ ಸೆಟ್ಟಿನ ಒಳಗೆ ಹಿಟ್ಟಿನ ಪದರ ಹಾಕಿ, ಡಬ್ಬಿ ಬಿಗಿದು ನೀರಿಗೆ ಬಿಟ್ಟು, 'ಮಾತು ಹಾಕೋಕೆ ಇವನಿದಾನೆ' ಅಂದ್ರು. ವನಜಕ್ಕ ಪರದೆ ಆಚೆಯಿಂದ ನನ್ನ ನೋಡಿ, 'ಬೇಡ. ಸುಮ್ಮನೆ ಬೇಯಲಿ. ಮೂರು ದಿನ ಮೂಕಿಯಾಗಿ ಇರ್ತೀನಿ, ಈ ಹುಡುಗನ ಬಾಯಿ ನನಗೆ ಬೇಡ' ಅಂದ್ರು. ಅದೂ ಬೊಚ್ಚುಬಾಯಿ ಭಾಷೆಯಲ್ಲೇ, ಆದ್ರೂ ಚೆನ್ನಾಗಿ ಚುಚ್ಚಿತು.

ಎರಡೂವರೆಗೆ ಸರ್ವಕ್ಕ. ಮದುವೆಗೆ ಉಡೋ ಸೀರೆ, ತಲೆಗೆ ಹೂವು. ಕೂದಲಲ್ಲಿ ಅಲ್ಲಲ್ಲಿ ಹಿಟ್ಟು, ಅದು ಹೋಗಲ್ಲ. ಫಿಲೋಮಿನಮ್ಮ ಹೊಸ ಸೆಟ್ಟು ಕೂರಿಸಿ, ಕನ್ನಡಿ ಹಿಡಿದು, 'ಈಗ ಬಾಯಿ ಬಿಡಬೇಡಿ. ಮೊದಲ ಮಾತು ಒಳಗೆ ಹೋಗಿಯೇ ಆಡಿ' ಅಂದ್ರು. ಸರ್ವಕ್ಕ ಕನ್ನಡಿ ನೋಡಿದ್ರು. ಚೆನ್ನಾಗಿ ಕಾಣ್ತಿದ್ರು. ನನ್ನ ಕಡೆ ತಿರುಗಿ, ಬಾಯಿ ಮುಚ್ಚಿಕೊಂಡೇ, ಭುಜ ತಟ್ಟಿದ್ರು. ಆ ಕೈ ನನ್ನ ಭುಜದ ಮೇಲೆ ಇದ್ದಷ್ಟು ಹೊತ್ತು ಹೇಳೋಕೆ ಟೈಮಿತ್ತು. ಹೇಳ್ಲಿಲ್ಲ.

ಪರದೆ ಸರೀತು. ವನಜಕ್ಕ ತಲೆ ಎತ್ತಿದ್ರು. ಹಲ್ಲಿಲ್ಲದೇ ಕೂತಿರೋವಾಗ ಎದುರಿಗೆ ಅದೇ ತಂಗಿ, ಬಾಯಿ ತುಂಬ ಹೊಸ ಹಲ್ಲು. ಸೆರಗನ್ನ ಇನ್ನೂ ಬಿಗಿಯಾಗಿ ಒತ್ತಿಕೊಂಡ್ರು. ಸರ್ವಕ್ಕ ಬಾಯಿ ಬಿಟ್ರು.

'ಅಕ್ಕಾ, ತಪ್ಪಾಯ್ತು...' ಅಂತು ಸೆಟ್ಟು. ನನ್ನ ಉಸಿರು ವಾಪಸ್ ಬಂತು. ಹನ್ನೊಂದು ಸಲ ಹೇಳಿದ್ದು ವೇಸ್ಟ್ ಆಗಿಲ್ಲ ಅಂದ್ಕೊಂಡೆ. ಅಷ್ಟರಲ್ಲಿ ಸೆಟ್ಟು ಮುಂದುವರೀತು: '...ಅನ್ನೋಕೆ ನಾನೇನು ಸೈಡ್ ಆ್ಯಕ್ಟರಾ? ಏಯ್! ಇದು ನನ್ನ ಕೋಟೆ! ಇಲ್ಲಿ ನಾನು ಉಸಿರು ಬಿಟ್ರೇನೇ ಗಾಳಿ! ನಡ್ಕೊಂಡು ಬಂದೋರನ್ನ ಇಲ್ಲಿಂದ ಹೊತ್ಕೊಂಡೇ ಹೋಗೋದು!'

ಸರ್ವಕ್ಕನ ಕಣ್ಣು ಒಂದು ಕಡೆ ಅಳ್ತಿದೆ, ಬಾಯಿ ಇನ್ನೊಂದು ಕಡೆ ತೊಡೆ ತಟ್ಟುತ್ತಿದೆ. 'ಇಲ್ಲ' ಅಂತ ತಲೆ ಆಡಿಸ್ತಾರೆ, ಹಲ್ಲು 'ಕ್ಷಮೆ ಅನ್ನೋ ಪದ ನನ್ನ ಡಿಕ್ಷನರಿಯಲ್ಲೇ ಇಲ್ಲ!' ಅನ್ನುತ್ತೆ. ಕೈ ಮುಗೀತಾರೆ, ಹಲ್ಲು 'ಹೊಡೀರೋ ಅವಳಿಗೆ!' ಅನ್ನುತ್ತೆ. ಬೇರೆ ಊರಾಗಿದ್ರೆ ಯಾರಾದ್ರೂ ನಗ್ತಿದ್ರು. ನಮ್ಮೂರಲ್ಲಿ ಹೊಸ ಸೆಟ್ಟು ಆಡೋ ಮಾತು ಅಂದ್ರೆ ಆ ಮನೇಲಿ ದಿನಾ ಆಡೋ ಮಾತು. ಇಲ್ಲಾಂದ್ರೆ ಯಾರನ್ನೋ ಕೂರಿಸಿ, ಒಂದೂವರೆ ಗಂಟೆ ಯೋಚನೆ ಮಾಡಿ ಮಾಡಿ ಹಾಕಿಸಿದ ಮಾತು. ಬಾಯಿ ತಪ್ಪಿ ಬಂತು ಅನ್ನೋ ಹಾಗೇ ಇಲ್ಲ.

ವನಜಕ್ಕ ಎದ್ದು ನಿಂತ್ರು. ಸೆರಗಿನ ಒಳಗಿಂದಲೇ, 'ಅಂದ್ರೆ ಆವತ್ತು ಸಾಲದು ಅಂತ ಹೇಳಿ ಮಾಡಿಸ್ಕೊಂಡು ಬಂದಿದೀಯ' ಅಂದ್ರು. 'ಫಿಲೋಮಿನಮ್ಮ, ನನ್ನ ಸೆಟ್ಟು ಬೆಂದಷ್ಟೇ ಸಾಕು, ಕೊಡಿ. ನಾನು ಹೊರಡ್ತೀನಿ.' ಆಗ ಮೂರು ಗಂಟೆ. ಬಸ್ ಸ್ಟ್ಯಾಂಡ್ ಐದು ನಿಮಿಷದ ದಾರಿ. ನಾನು ಮೂಲೆಯಲ್ಲಿದ್ದೆ, ಅದು ನಿಜ. ಕೈ ಕಟ್ಕೊಂಡಿದ್ದೂ ನಿಜ, ನಗು ಮಾತ್ರ ಸುಳ್ಳು.

ಸರ್ವಕ್ಕ ಬಾಗಿಲಿಗೆ ಅಡ್ಡ ನಿಂತ್ರು. ಹಲ್ಲು ಇನ್ನೊಂದು ಡೈಲಾಗ್ ಶುರು ಮಾಡ್ತಿದ್ದಂಗೇ, ಎರಡು ಬೆರಳು ಬಾಯಿಗೆ ಹಾಕಿ, ಸೆಟ್ಟು ಕಿತ್ತು ಹೊರಗೆ ತೆಗೆದ್ರು. ಎಲ್ಲರ ಮುಂದೆ. ಪರದೆ ಇಲ್ಲ, ಸೆರಗು ಇಲ್ಲ, ಬೀದಿ ಬಾಗಿಲು ತೆಗೆದಿದೆ. ಫಿಲೋಮಿನಮ್ಮ 'ಅಯ್ಯೋ ಸರ್ವಮಂಗಳಾ' ಅಂತ ಮುಖ ತಿರುಗಿಸಿಬಿಟ್ರು. ಬೀದಿಯಲ್ಲಿ ಹೋಗ್ತಿದ್ದ ಇಬ್ಬರು ನಿಂತು ನೋಡಿದ್ರು. ಸರ್ವಕ್ಕ ಅವರ ಕಡೆ ನೋಡ್ಲಿಲ್ಲ. ಒಂದು ಕೈಯಲ್ಲಿ ಹಲ್ಲು ಹಿಡ್ಕೊಂಡು, ಬೊಚ್ಚುಬಾಯಲ್ಲಿ, ಇದನ್ನ ಮಾತ್ರ ನಾನು ಹಲ್ಲು ಕಟ್ಟದೇ ಬರೀತೀನಿ, 'ಅಕ್ಕಾ, ಹಪ್ಪಾಯ್ಹು' ಅಂದ್ರು. 'ಅಕ್ಕಾ' ಮಾತ್ರ ಸ್ಪಷ್ಟವಾಗಿ ಬಂತು. ಅದಕ್ಕೆ ಹಲ್ಲು ಬೇಕಾಗಲ್ಲ.

ನೀರು ಕುದೀತಿತ್ತು. ಸರ್ವಕ್ಕ ಮತ್ತೆ ಹೇಳಿದ್ರು. ಮತ್ತೆ ಹೇಳಿದ್ರು. ಒಂದು ತಮಾಷೆನೂ ಬರ್ಲಿಲ್ಲ ಅವರ ಬಾಯಿಗೆ.

ವನಜಕ್ಕ ಹತ್ತಿರ ಬಂದ್ರು. ತಂಗಿ ಗದ್ದ ಹಿಡಿದು ಬೆಳಕಿನ ಕಡೆ ತಿರುಗಿಸಿ, ಒಳಗೆ ಇಣುಕಿ ನೋಡಿದ್ರು. ಅದಕ್ಕೆ ಸೆರಗು ಬಿಡಬೇಕಾಯ್ತು, ಬಿಟ್ರು. 'ಇನ್ನೂ ಹಸಿ ಇದೆಯಲ್ಲೇ ಒಸಡು' ಅಂದ್ರು. 'ಉಪ್ಪುನೀರು ಮುಕ್ಕಳಿಸ್ತಿದೀಯೋ ಇಲ್ಲವೋ?'

'ಒಂದೊಂದು ದಿನ ಮರೀತೀನಿ.'

'ಮರೀತಾಳಂತೆ. ಈ ಸೆಟ್ಟು ಹಾಕ್ಕೊಂಡ ಮೊದಲ ವಾರ ಮುದ್ದೆ ನುಂಗು, ಬೇರೆ ಏನೂ ಮುಟ್ಟಬೇಡ. ನಿಪ್ಪಟ್ಟು ಕಂಡ್ರೆ ಕೈ ಹಾಕೋಳು ನೀನು, ನನಗೆ ಗೊತ್ತಿಲ್ವಾ. ಎಡಗಡೆ ಒತ್ತುತ್ತಾ?'

'ಒತ್ತುತ್ತೆ.'

'ಫಿಲೋಮಿನಮ್ಮ, ಇವಳಿಗೆ ಎಡಗಡೆ ಸ್ವಲ್ಪ ಉಜ್ಜಿ ಕೊಡಿ.'

ಪರದೆ ಬೆಂಚಿನ ಮೇಲೆ ಇಬ್ಬರೂ ಕೂತ್ರು. ಅಷ್ಟು ಬೊಚ್ಚುಬಾಯಿ ಭಾಷೆ ಒಂದೇ ಸಲ ನಾನು ಯಾವತ್ತೂ ಕೇಳಿಲ್ಲ. ಹನ್ನೊಂದು ವರ್ಷದ್ದು ಬಾಕಿ ಇತ್ತಲ್ಲ. ಯಾರು ಸತ್ರು, ಯಾರು ಹೆತ್ರು, ಯಾರ ಸೊಸೆ ಹೆಂಗೆ, ಎಲ್ಲಾ. ನಡುನಡುವೆ ಸರ್ವಕ್ಕ ಅದನ್ನೇ ಇನ್ನೊಂದು ಸಲ ಹೇಳೋರು, ವನಜಕ್ಕ 'ಸಾಕು ಬಿಡೇ' ಅನ್ನೋರು. ನಾಲ್ಕು ಗಂಟೆ ಬಸ್ಸು ಹೋಯ್ತು. ಐದೂವರೆ ಬಸ್ಸಿಗೆ ಸರ್ವಕ್ಕನೇ ಕೂರಿಸಿ ಬಂದ್ರು.

ಆ ಗಲಾಟೆಯಲ್ಲಿ ವನಜಕ್ಕನ ಡಬ್ಬಿ ನೀರಲ್ಲೇ ಇತ್ತು ಅನ್ನೋದು ಯಾರಿಗೂ ನೆನಪಿರ್ಲಿಲ್ಲ. ಅದು ಎಲ್ಲಾ ಕೇಳಿಸ್ಕೊಂಡು, ಮತ್ತೆ ಮತ್ತೆ ಕೇಳಿದ್ದನ್ನ ಹಿಡ್ಕೊಂಡಿತ್ತು. ಶನಿವಾರ ಬೆಳಿಗ್ಗೆ ಅವರ ಮಗಳು ಅಂಗಡಿಗೆ ಫೋನ್ ಮಾಡಿದ್ರು. ಮನೆ ಸಾಮಾನು ಕಟ್ಟಿಸೋಕೆ ಅಂತ ಬಂದಿದಾರಂತೆ. 'ಏನ್ರೀ ಇದು, ಸೆಟ್ಟು ಹೊಸದಂಗೆ ಬಿಗಿಯಾಗಿ ಕೂತಿದೆ, ಹಲ್ಲು ಎಲ್ಲಾ ಸರಿ ಇದೆ, ಆದ್ರೂ ಅಮ್ಮ ಲಾರಿಯವನಿಗೂ 'ಅಕ್ಕಾ, ಹಪ್ಪಾಯ್ಹು' ಅಂತಿದಾರೆ. ಡಾಕ್ಟ್ರಿಗೆ ತೋರಿಸಬೇಕಾ?' ಫಿಲೋಮಿನಮ್ಮ ನಾಳೆ ಸರಿ ಹೋಗುತ್ತೆ ಅಂತ ಹೇಳಿ ಫೋನ್ ಇಟ್ರು. ಕನ್ನಡಕದ ಮೇಲಿಂದ ನನ್ನ ನೋಡಿದ್ರು.

'ಸರ್ವಮಂಗಳಾ ನಿನ್ನೆ ಬಂದಿದ್ಲು' ಅಂದ್ರು. 'ಪಾಪ ಆ ಹುಡುಗ ಒಂದೂವರೆ ಗಂಟೆ ಕೂತು ಹೇಳಿದಾನೆ, ಗಂಟಲು ಬಿದ್ದೋಗಿದೆ, ಏನೂ ಅನ್ನಬೇಡಿ, ನನ್ನ ಒಸಡಲ್ಲೇ ವಿಷ ಇರಬೇಕು, ಒಳ್ಳೇ ಮಾತು ಹಾಕಿದ್ರೂ ಕೊಳೆಸಿಬಿಡ್ತು, ಅಂದ್ಲು. ಅತ್ಲು. ನಾನು ಮೂವತ್ತು ವರ್ಷದಿಂದ ಹಲ್ಲು ಕಟ್ಟುತ್ತಿದೀನಿ ಮೂರ್ತಿ. ಒಸಡಿಗೆ ಸಿನಿಮಾ ಬರಲ್ಲ. ನೀನು ಹೇಳ್ತೀಯೋ, ನಾನು ಹೇಳ್ಲೋ?'

ನಾನು ಎದ್ದು ಗಿರಣಿ ಕಡೆ ಹೊರಟೆ.

ದಾರಿಯುದ್ದಕ್ಕೂ ರಿಹರ್ಸಲ್. ಬೋರಾಗಿ ಬಾಯಿ ಜಾರಿತು ಅಂತ ಹೇಳೋದು. ಹನ್ನೊಂದು ಸಲ ಹೇಳಿದ್ದನ್ನ ಮೊದಲು ಹೇಳೋದು. ಕೊನೆಗೆ ಹೆಂಗಿದ್ರೂ ಒಳ್ಳೇದೇ ಆಯ್ತಲ್ಲ ಅಂತ ಮುಗಿಸೋದು. ಗಿರಣಿ ತಿರುಗ್ತಾ ಇತ್ತು. ಸರ್ವಕ್ಕ ಬೆಲ್ಟಿನ ಪಕ್ಕ ನಿಂತು ಯಾರದ್ದೋ ಗೋಧಿ ಹೊಯ್ತಿದ್ರು. ಸೆಟ್ಟಿಗೆ ಇನ್ನೂ ಮೂರು ದಿನ ಆಗಿರ್ಲಿಲ್ಲ, ಅದಕ್ಕೇ ಹಾಕ್ಕೊಂಡಿರ್ಲಿಲ್ಲ. ನನ್ನ ನೋಡಿ ಬೊಚ್ಚುಬಾಯಿ ಪೂರ್ತಿ ತೆಗೆದು ನಕ್ರು. ಗಿರಣಿಯಲ್ಲಿ ಎರಡು ತಿಂಗಳಲ್ಲಿ ಮೊದಲ ಸಲ ಸೆರಗು ಹೆಗಲ ಮೇಲಿತ್ತು. 'ಗಂಟಲು ಹೆಂಗಿದೆಯೋ?' ಅಂದ್ರು.

ನಾನು ಏನೋ ಅಂದೆ. ಸದ್ದಲ್ಲಿ ನನಗೇ ಕೇಳಿಸ್ಲಿಲ್ಲ.

'ಏನೋ? ಜೋರಾಗಿ ಹೇಳೋ!'

ಇನ್ನೊಂದು ಸಲ ಅಂದೆ. ಅವರು ನನ್ನ ಮುಖ ನೋಡಿದ್ರು. ಗೋಧಿ ಡಬ್ಬ ಕೆಳಗಿಟ್ಟು, ಹೋಗಿ ಸ್ವಿಚ್ ಆಫ್ ಮಾಡಿದ್ರು. ಬೆಲ್ಟು ನಿಧಾನಕ್ಕೆ ನಿಂತಿತು. ಬೀಸಿಸ್ಕೊಳ್ಳೋಕೆ ಬಂದಿದ್ದೋರೆಲ್ಲ ನನ್ನ ಕಡೆ ತಿರುಗಿದ್ರು. ಅಷ್ಟು ಜನ ಒಟ್ಟಿಗೆ ನನ್ನ ಮಾತಿಗೆ ಕಾದಿದ್ದು ನನ್ನ ಜನ್ಮದಲ್ಲೇ ಮೊದಲು.

'ತಪ್ಪಾಯ್ತು ಸರ್ವಕ್ಕ' ಅಂದೆ. 'ನಿಮ್ಮ ಒಸಡಲ್ಲಿ ಏನೂ ಇಲ್ಲ. ಆ ಡೈಲಾಗ್ ಎಲ್ಲಾ ನಂದು. ಚೀಟಿಯಲ್ಲಿದ್ದಿದ್ದನ್ನ ಎರಡು ನಿಮಿಷ ಹೇಳಿದೆ ಅಷ್ಟೇ. ಆಮೇಲೆ ಬೋರಾಯ್ತು, ಬಾಯಿ ಜಾರಿ...' ಅಷ್ಟಕ್ಕೆ ನಿಲ್ಲಿಸಿದೆ. ಅವರು ಕಾಯ್ತಾ ನಿಂತಿದ್ರು. 'ಇಲ್ಲ. ಜಾರಲಿಲ್ಲ. ಜೋರಾಗಿ ಹೇಳಿದ್ದನ್ನೇ ಹಲ್ಲು ಹಿಡಿಯೋದು ಅಂತ ಗೊತ್ತಿದ್ದೇ ಸ್ಟೂಲ್ ಹತ್ತಿದ್ದು. ನಿಮ್ಮ ಬಾಯಲ್ಲಿ ವಿಲನ್ ಡೈಲಾಗ್ ಹೆಂಗೆ ಬರುತ್ತೆ ಅಂತ ಕೇಳಬೇಕು ಅನ್ನಿಸ್ತು. ಬೇಕಂತಲೇ ಹಾಕಿದ್ದು ಸರ್ವಕ್ಕ.'